ಭವಾನಿಗೆ ಬಂದ ಎರಡು ಮೆಷಿನ್ನು

ಯುವರಾಜ ತೀರಿಕೊಂಡ ವರ್ಷದ ದೀಪಾವಳಿಗೆ ಅವನ ಹೆಂಡತಿ ಭವಾನಿಯ ಮನೆಗೆ ಒಂದೇ ವಾರದಲ್ಲಿ ಎರಡು ಹೊಲಿಗೆ ಮೆಷಿನ್ನು ಬಂದವು. ಭವಾನಿಗೆ ಹೊಲಿಗೆ ಬರುತ್ತಿರಲಿಲ್ಲ. ಹುಕ್ಕು ಕಿತ್ತುಹೋದರೆ ರವಿಕೆಗೆ ಪಿನ್ನು ಚುಚ್ಚಿಕೊಂಡು ಓಡಾಡುವ ಹೆಂಗಸು ಅವಳು.

ಯುವರಾಜ ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದ. ಆಷಾಢದ ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತ ಕೂತವನು ಹಾಗೇ ಪಕ್ಕಕ್ಕೆ ವಾಲಿದ. ಹೃದಯ ನಿಂತುಹೋಗಿತ್ತು. ನಲವತ್ತೆರಡು ವಯಸ್ಸು. ಯಾರದೂ ತಪ್ಪಿರಲಿಲ್ಲ, ಬೈದು ಸಮಾಧಾನ ಮಾಡಿಕೊಳ್ಳೋಣವೆಂದರೆ ಬೈಯುವುದಕ್ಕೂ ಯಾರೂ ಸಿಗಲಿಲ್ಲ. ಭದ್ರಾವತಿಯ ಜನ್ನಾಪುರದ ಮನೆಯಲ್ಲಿ ಭವಾನಿ, ಪಿಯುಸಿ ಮೊದಲ ವರ್ಷದಲ್ಲಿದ್ದ ಮಗಳು ಅಕ್ಷಯಾ, ಅತ್ತೆ ದ್ಯಾಮಮ್ಮ, ಕಾರ್ಖಾನೆಯಿಂದ ನಿವೃತ್ತನಾದ ಮಾವ ಪುಟ್ಟಪ್ಪ ಉಳಿದರು. ಭವಾನಿ ಹತ್ತಿರದ ಕ್ಲಿನಿಕ್ಕೊಂದರಲ್ಲಿ ಬೆಳಿಗ್ಗೆ ಸಂಜೆ ಟೋಕನ್ ಕೊಡುವ ಕೆಲಸಕ್ಕೆ ಸೇರಿದಳು. ಸಂಬಳ ಸಣ್ಣದು. ಆದರೆ "ಒಂಬತ್ತನೇ ನಂಬರ್ ಬನ್ನಿ" ಎಂದು ಕೂಗುವಾಗ ಬೇರೆ ಯಾವ ಯೋಚನೆಯೂ ಬರುತ್ತಿರಲಿಲ್ಲ. ಅದೇ ಅವಳಿಗೆ ದೊಡ್ಡ ಅನುಕೂಲವಾಗಿತ್ತು.

ನವರಾತ್ರಿಯಲ್ಲಿ ಶಿವಮೊಗ್ಗದಿಂದ ಪ್ರಿಯದರ್ಶಿನಿ ಎಂಬ ಹುಡುಗಿ ಫೈಲು ಹಿಡಿದು ಬಂದಳು.

"ನಾವು ಬೆಳಕು ಬಳಗ ಅಂತ, ಅಮ್ಮ. ಪ್ರತಿ ದೀಪಾವಳಿಗೂ ಹತ್ತು ಜನ ಸಹೋದರಿಯರಿಗೆ ಹೊಲಿಗೆ ಮೆಷಿನ್ ಕೊಡ್ತೀವಿ."

"ಎಂಥ ಸಹೋದರಿಯರಿಗೆ?" ಎಂದು ಅಕ್ಷಯಾ ಒಳಗಿನಿಂದಲೇ ಕೇಳಿದಳು.

ಹುಡುಗಿ ತಡವರಿಸಿದಳು. "ಅಂದ್ರೆ... ಮನೆಯವರನ್ನ ಕಳ್ಕೊಂಡಿರೋರಿಗೆ."

"ನಂಗೆ ಹೊಲಿಗೆ..." ಎಂದು ಭವಾನಿ ಶುರುಮಾಡುವಷ್ಟರಲ್ಲಿ ದ್ಯಾಮಮ್ಮ ಅವಳ ತೊಡೆ ಚಿವುಟಿದಳು.

"ಬರ್ಕೊಳ್ಳಮ್ಮ, ಬರ್ಕೋ. ಅವಳು ಕಲೀತಾಳೆ."

ಮರಣಪತ್ರದ ಜೆರಾಕ್ಸು, ಒಂದು ಫೋಟೋ, ಒಂದು ಸಹಿ. ಮೆಷಿನ್ನನ್ನು ಮಾರುವುದಿಲ್ಲ, ಬೇರೆಯವರಿಗೆ ಕೊಡುವುದಿಲ್ಲ ಎಂಬ ಸಾಲಿನ ಕೆಳಗೆ ಭವಾನಿ ಸಹಿ ಹಾಕಿದಳು.

ಅವತ್ತು ಸಂಜೆ ಊಟಕ್ಕೆ ಕೂತಾಗ ಜಗಳ ಹತ್ತಿತು.

"ಸ್ಟೇಜ್ ಮೇಲೆ ನಿಲ್ಲಿಸಿ ಫೋಟೋ ತೆಗೀತಾರೆ, ಗೊತ್ತಾ ಅಜ್ಜಿ? ಫೇಸ್‌ಬುಕ್ಕಿಗೆ ಹಾಕ್ತಾರೆ. ನಮ್ ಕಾಲೇಜಿನೋರೆಲ್ಲ ನೋಡ್ತಾರೆ."

"ನೋಡ್ಲಿ ಬಿಡು. ಕದ್ಕೊಂಡು ಬಂದಿದ್ದಾ?"

"ಬೇಡ್ಕೊಂಡು ಬಂದಿದ್ದು."

ದ್ಯಾಮಮ್ಮ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು. "ನಿಮ್ಮಪ್ಪ ವರ್ಷಾ ವರ್ಷಾ ದೀಪಾವಳಿಗೆ ದೊಡ್ಡಾಸ್ಪತ್ರೆಗೆ ಹೋಗಿ ಕಂಬಳಿ ಹಂಚಿ ಬರ್ತಿದ್ದ. ನೀನೂ ಜೊತೆಗೆ ಹೋಗ್ತಿದ್ದೆ. ಅವತ್ತು ತಗೊಂಡೋರೆಲ್ಲ ಭಿಕ್ಷುಕರಾ? ಹೇಳೇ!"

ಅಕ್ಷಯಾ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದು ಕೈ ತೊಳೆದಳು.

"ನೀವಾದ್ರೂ ಒಂದು ಮಾತು ಹೇಳಿ ಮಾವ," ಎಂದಳು ಭವಾನಿ.

ಪುಟ್ಟಪ್ಪ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. "ಈ ಮನೇಲಿ ಕೊಟ್ಟು ಅಭ್ಯಾಸ ಇತ್ತಮ್ಮ. ತಗೊಳ್ಳೋದು ಹೆಂಗೆ ಅಂತ ನಂಗೂ ಗೊತ್ತಿಲ್ಲ."

ಹಬ್ಬಕ್ಕೆ ಮೊದಲಿನ ಭಾನುವಾರ ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮವಿತ್ತು. ಅತ್ತೆ, ಸೊಸೆ, ಮೊಮ್ಮಗಳು ಬಸ್ಸಿನಲ್ಲಿ ಹೋದರು. ಬರುವುದಿಲ್ಲ ಎಂದು ವಾರವಿಡೀ ಮುಖ ಊದಿಸಿಕೊಂಡಿದ್ದ ಅಕ್ಷಯಾ ಕೊನೆಯ ಗಳಿಗೆಯಲ್ಲಿ ಚಪ್ಪಲಿ ಮೆಟ್ಟಿ ಹೊರಟಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ.

ಮಂಟಪದ ಎರಡನೇ ಸಾಲಿನಲ್ಲಿ ಹನ್ನೊಂದು ಹೆಂಗಸರು ಕೂತಿದ್ದರು. ವೇದಿಕೆಯ ಮೇಲೆ ಮಾತ್ರ ಹತ್ತು ಮೆಷಿನ್ನು. ಭವಾನಿಯ ಪಕ್ಕದಲ್ಲಿ ಹೊಳೆಹೊನ್ನೂರಿನ ಕವನ ಎಂಬವಳು ಕೂತಿದ್ದಳು. ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಪ್ರಿಯದರ್ಶಿನಿ ಬಂದು ಅವಳ ಕಿವಿಯಲ್ಲಿ ಏನೋ ಹೇಳಿ, ಸಾರಿ ಎಂದು ಕೈ ಅದುಮಿ ಹೋದಳು.

"ಏನಂತೆ?" ಎಂದು ಭವಾನಿ ಕೇಳಿದಳು.

"ನನ್ನ ಹೆಸರು ತೆಗೆದುಬಿಟ್ರಂತೆ ಅಕ್ಕ. ಸರ್ಟಿಫಿಕೇಟ್ ಇಲ್ಲ." ಕವನಳ ದನಿಯಲ್ಲಿ ಅಳುವಿರಲಿಲ್ಲ. "ಗಂಡ ಸತ್ರೆ ಸರ್ಟಿಫಿಕೇಟ್ ಕೊಡ್ತಾರೆ. ಬಿಟ್ಟು ಹೋದ್ರೆ ಯಾರು ಕೊಡ್ತಾರೆ?"

"ಹೊಲಿಗೆ ಬರುತ್ತಾ ನಿಂಗೆ?"

"ಆರು ವರ್ಷದಿಂದ ಅದೇ ಕೆಲಸ. ಬಾಡಿಗೆ ಮೆಷಿನ್ನು. ಈಗ ಅವರಿಗೇ ಬೇಕಂತೆ, ಹಬ್ಬ ಮುಗಿದ ಮೇಲೆ ಎತ್ಕೊಂಡು ಹೋಗ್ತಾರೆ." ಎದ್ದು ಸೆರಗು ಸರಿಮಾಡಿಕೊಂಡಳು. "ಬಂದಿದ್ದು ಬಂದಾಯ್ತು, ಊಟ ಮಾಡಿ ಹೋಗ್ತೀನಿ."

ಬಳಗದ ಅಧ್ಯಕ್ಷರು ಉಮಾಮಹೇಶ್ವರ, ಪಾತ್ರೆ ಅಂಗಡಿಯವರು. ಅರವತ್ತು ದಾಟಿದ, ಮೆತ್ತಗಿನ ಮಾತಿನ ಮನುಷ್ಯ. ಒಬ್ಬೊಬ್ಬರ ಹೆಸರನ್ನೂ ಗಂಡನ ಹೆಸರಿನ ಜೊತೆಗೆ ಕರೆದರು. "ದಿವಂಗತ ಯುವರಾಜ್ ಅವರ ಧರ್ಮಪತ್ನಿ" ಎಂದು ಮೈಕಿನಲ್ಲಿ ಕೇಳಿದಾಗ ಭವಾನಿ ಸೆರಗು ಹೊದ್ದುಕೊಂಡು ವೇದಿಕೆ ಹತ್ತಿದಳು. ದಿವಂಗತ ಎಂಬ ಪದವನ್ನು ಅವನ ಹೆಸರಿಗೆ ಸೇರಿಸಿ ಅಷ್ಟು ಗಟ್ಟಿಯಾಗಿ ಯಾರೂ ಹೇಳಿರಲಿಲ್ಲ. ಮೆಷಿನ್ನಿನ ಮೇಲೆ ಕೈಯಿಡಿ ಎಂದರು, ಇಟ್ಟಳು. ಈ ಕಡೆ ನೋಡಿ ಎಂದರು, ನೋಡಿದಳು. ಪಿಯುಸಿ ಓದಿದವಳು ಎಂದು ಹತ್ತೂ ಜನರ ಪರವಾಗಿ ಎರಡು ಮಾತಾಡಲು ಅವಳ ಕೈಗೇ ಮೈಕು ಕೊಟ್ಟರು.

ಏನು ಹೇಳಬೇಕೆಂದು ಬಸ್ಸಿನಲ್ಲಿ ಅತ್ತೆ ಕಲಿಸಿಕೊಟ್ಟಿದ್ದಳು. ದೇವರಂತೆ ಬಂದಿರಿ, ನಿಮ್ಮ ಋಣ ತೀರಿಸಲಾಗದು. ಅದರಲ್ಲಿ ಒಂದಕ್ಷರವೂ ಬಾಯಿಗೆ ಬರಲಿಲ್ಲ.

"ನಂಗೆ ಹೊಲಿಗೆ ಬರಲ್ಲ," ಎಂದಳು.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಉಮಾಮಹೇಶ್ವರ ಮೈಕು ತೆಗೆದುಕೊಂಡು, "ಕಲಿಸ್ತೀವಮ್ಮ, ಅದೂ ನಮ್ಮ ಜವಾಬ್ದಾರಿ" ಎಂದರು. ದೊಡ್ಡ ಚಪ್ಪಾಳೆ ಬಿತ್ತು.

ಲಗೇಜ್ ಆಟೋದಲ್ಲಿ ಮೆಷಿನ್ನು ಹೇರಿಕೊಂಡು ಬರುವಾಗ ದ್ಯಾಮಮ್ಮ ಭದ್ರಾವತಿಯವರೆಗೂ ಬೈದಳು. "ಕೊಟ್ಟೋರ ಮುಖಕ್ಕೆ ಹೊಡೆದಂಗೆ ಮಾತಾಡ್ತಾರೇನೇ ಮಾರಾಯ್ತಿ? ಒಂದು ಒಳ್ಳೆ ಮಾತಿಗೆ ಬಡತನ ಬಂದಿತ್ತಾ?"

"ಬೇಕೂಂತ ಅಂದಿದ್ದಲ್ಲ ಅತ್ತೆ. ಬಾಯಿಗೆ ಅದೇ ಬಂತು."

ಮನೆಗೆ ಬಂದ ಮೇಲೆ ಅಕ್ಷಯಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. "ಅಮ್ಮ, ಹೋದ ವರ್ಷ ಅಪ್ಪ ಒಂದು ಅಜ್ಜಿಗೆ ಕಂಬಳಿ ಕೊಡೋವಾಗ ನಾನು ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೆ. ಹಾರ್ಟ್ ಹಾಕಿ. ಆ ಅಜ್ಜಿ ಸೆರಗಲ್ಲಿ ಮುಖ ಮುಚ್ಕೊಂಡಿತ್ತು. ಚಳಿಗೆ ಅಂದ್ಕೊಂಡಿದ್ದೆ ನಾನು."

ಭವಾನಿ ಅಕ್ಕಿ ತೊಳೆಯುವುದನ್ನು ನಿಲ್ಲಿಸಿದಳು. "ಅದಕ್ಕೇ ಬಂದ್ಯಾ ಇವತ್ತು?"

"ನಿನ್ನ ಫೋಟೋ ತೆಗೆಯೋವಾಗ ಅಡ್ಡ ನಿಂತ್ಕೊಳ್ಳೋಣ ಅಂತ ಬಂದೆ. ಧೈರ್ಯ ಸಾಲ್ಲಿಲ್ಲ."

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಕರಿಯಲು ಎಣ್ಣೆ ಇಡುವಂತಿಲ್ಲ, ಸಿಹಿ ಮಾಡುವಂತಿಲ್ಲ. ಅದಕ್ಕೇ ನೆರೆಯವರೆಲ್ಲ ಹೋಳಿಗೆ, ಕಜ್ಜಾಯ, ಕಡುಬು ಕಳಿಸಿಕೊಟ್ಟರು. ಅಮಾವಾಸ್ಯೆಯ ಹೊತ್ತಿಗೆ ಅಡುಗೆಮನೆಯ ಕಟ್ಟೆಯ ಮೇಲೆ ಬೇರೆಯವರ ಸ್ಟೀಲ್ ಡಬ್ಬಿಗಳು ಒಂದರ ಮೇಲೊಂದು ಕೂತವು. ಖಾಲಿ ಡಬ್ಬಿ ವಾಪಸು ಕೊಡಬಾರದು. ಒಂದು ಚಮಚ ಸಕ್ಕರೆಯಾದರೂ ಹಾಕಬೇಕು. ಸೂತಕದ ಮನೆಯ ಸಕ್ಕರೆ ಹಬ್ಬದ ಮನೆಗೆ ಹೋಗಬಹುದೋ ಬಾರದೋ ಎಂಬುದು ದ್ಯಾಮಮ್ಮನಿಗೂ ಬಗೆಹರಿಯಲಿಲ್ಲ. ಡಬ್ಬಿಗಳು ಅಲ್ಲೇ ಉಳಿದವು. ಅಷ್ಟು ಸಿಹಿಯನ್ನು ತಿನ್ನುವವರೂ ಇರಲಿಲ್ಲ. ಹೋಳಿಗೆ ಯುವರಾಜನಿಗೆ ಪ್ರಾಣವಾಗಿತ್ತು.

ಬಲಿಪಾಡ್ಯಮಿಯ ದಿನ ಬೆಳಿಗ್ಗೆ ಬಾಗಿಲಲ್ಲಿ ಇನ್ನೊಂದು ಲಗೇಜ್ ಆಟೋ ನಿಂತಿತು. ಯುವರಾಜನ ಜೊತೆ ಕೆಲಸ ಮಾಡುತ್ತಿದ್ದ ಓಬಯ್ಯ ಮತ್ತು ಇನ್ನಿಬ್ಬರು ಇಳಿದರು. ಹಗ್ಗ ಬಿಚ್ಚಿ ಅವರು ಏನನ್ನು ಇಳಿಸುತ್ತಿದ್ದಾರೆಂದು ಕಿಟಕಿಯಲ್ಲಿ ಕಂಡಿದ್ದೇ ತಡ, ಅಕ್ಷಯಾ ಒಳಗೋಡಿ ಮೊದಲಿನ ಮೆಷಿನ್ನಿನ ಮೇಲೆ ದುಪ್ಪಟಿ ಎಳೆದಳು. ದ್ಯಾಮಮ್ಮ ಅದರ ಮೇಲೆ ಮಡಚಿದ ಬಟ್ಟೆಯ ರಾಶಿ ಹೇರಿದಳು.

"ಅತ್ತಿಗೆ," ಎಂದ ಓಬಯ್ಯ, ಹಣೆಯ ಬೆವರು ಒರೆಸಿಕೊಂಡು, "ಎಲ್ಲಾ ಸೇರಿ ತಂದ್ವಿ. ಅಣ್ಣ ಇದ್ದಿದ್ರೆ ನಮ್ಮನೆ ಕಷ್ಟಕ್ಕೆ ಅವನೇ ಮೊದಲು ಓಡಿ ಬರ್ತಿದ್ದ. ಬೋಲ್ಟು ಎಲ್ಲಾ ನಾನೇ ಬಿಚ್ಚಿ ಎಣ್ಣೆ ಬಿಟ್ಟು ಜೋಡಿಸಿದೀನಿ. ಸದ್ದೇ ಬರಲ್ಲ ನೋಡಿ."

ಯುವರಾಜ ವಾಲಿದಾಗ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವನು ಓಬಯ್ಯ. ಆಸ್ಪತ್ರೆಯವರೆಗೂ ಕೈ ಬಿಟ್ಟಿರಲಿಲ್ಲ. ಈಗ ಅವನು ಪೆಡಲು ತುಳಿದು ತೋರಿಸುತ್ತ ತೋರಿಸುತ್ತ ಅಳತೊಡಗಿದ. ಭವಾನಿಗೆ ಅಳು ಬರಲಿಲ್ಲ. "ಕೂತ್ಕೊಳ್ಳಿ ಓಬಣ್ಣ, ಕಜ್ಜಾಯ ತಿನ್ನಿ, ಪಕ್ಕದ ಮನೇದು" ಎಂದಷ್ಟೇ ಹೇಳಿದಳು. ಹೇಳಿದ ಮೇಲೆ, ಇದೆಂಥ ಮಾತು ಎಂದು ಅವಳಿಗೇ ಅನ್ನಿಸಿತು.

ಆಟೋದ ಸದ್ದು ದೂರವಾದ ಮೇಲೆ ಮನೆಯವರೆಲ್ಲ ಎರಡೂ ಮೆಷಿನ್ನುಗಳ ನಡುವೆ ನಿಂತರು. ಪುಟ್ಟಪ್ಪ ಬಟ್ಟೆಯ ರಾಶಿ ನೋಡಿದ, ಹೊಸ ಮೆಷಿನ್ನು ನೋಡಿದ.

"ಇನ್ನೊಂದು ಬಂದ್ರೆ ಅಂಗಡಿ ಇಡಬಹುದು," ಎಂದ.

ಮೊದಲು ನಕ್ಕವಳು ಅಕ್ಷಯಾ. ಆಮೇಲೆ ದ್ಯಾಮಮ್ಮ, ಬಾಯಿಗೆ ಸೆರಗು ಅಡ್ಡ ಹಿಡಿದು. ಕೊನೆಗೆ ಭವಾನಿ ನೆಲದ ಮೇಲೆ ಕೂತೇ ಬಿಟ್ಟಳು. ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಾಲ್ಕು ತಿಂಗಳಲ್ಲಿ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಗೋಡೆಯ ಮೇಲಿನ ಫೋಟೋದ ಕಡೆಗೆ ಯಾರೂ ನೋಡಲಿಲ್ಲ.

ಮುಂದಿನ ಎರಡು ವಾರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ನಡುಮನೆಯಲ್ಲಿ ಓಡಾಡುವವರ ಮೊಣಕಾಲಿಗೆ ಒಂದಲ್ಲ ಒಂದು ಮೆಷಿನ್ನು ತಗಲುತ್ತಿತ್ತು.

"ಒಂದು ಮಾರಿಬಿಡೋಣ," ಎಂದಳು ದ್ಯಾಮಮ್ಮ. "ಅಕ್ಷಯಾ ಫೀಸಿಗಾಗುತ್ತೆ."

"ದಾನ ಬಂದಿದ್ದನ್ನ ಮಾರ್ತಾರೇನೇ?" ಎಂದ ಪುಟ್ಟಪ್ಪ.

"ಇಟ್ಕೊಂಡು ಪೂಜೆ ಮಾಡೋದಾ ಮತ್ತೆ?"

"ಆ ಹೊಳೆಹೊನ್ನೂರಿನ ಅಕ್ಕಂಗೆ ಕೊಡೋಣ," ಎಂದಳು ಅಕ್ಷಯಾ. ಕವನಳ ಕಥೆಯನ್ನು ತಾಯಿಯಿಂದ ಕೇಳಿದ್ದಳು.

"ನಮಗೇ ಇಲ್ದಾಗ ಊರಿಗೆ ದಾನ!"

"ಅಪ್ಪ ಇದ್ದಿದ್ರೆ ಕೊಡ್ತಿದ್ರು."

"ನಿಮ್ಮಪ್ಪ ಇದ್ದಿದ್ರೆ ಈ ಮೆಷಿನ್ನೇ ಬರ್ತಿರ್ಲಿಲ್ಲ!" ಎಂದು ಕೂಗಿದ ದ್ಯಾಮಮ್ಮ, ಕೂಗಿದ್ದು ಕಿವಿಗೆ ಬಿದ್ದ ಕೂಡಲೇ ಹಿತ್ತಲಿಗೆ ಎದ್ದುಹೋದಳು. ಅವತ್ತು ಮಧ್ಯಾಹ್ನ ಅವಳು ಊಟಕ್ಕೆ ಏಳಲಿಲ್ಲ. ಭವಾನಿ ತಟ್ಟೆಯನ್ನು ಹಿತ್ತಲಿಗೇ ಒಯ್ದು, ಪಕ್ಕದಲ್ಲಿ ಕೂತು, ಅವಳು ತಿನ್ನುವವರೆಗೂ ಏಳದೆ ಕಾದಳು.

ಓಬಯ್ಯ ತಂದ ಮೆಷಿನ್ನನ್ನು ಕೊಡುವ ಮಾತೇ ಇರಲಿಲ್ಲ. ಉಳಿದದ್ದು ಬಳಗದ್ದು. ಅದಕ್ಕೆ ಸಹಿ ಹಾಕಿಯಾಗಿತ್ತು. ಒಂದು ಶುಕ್ರವಾರ ಕ್ಲಿನಿಕ್ಕಿಗೆ ರಜೆ ಹೇಳಿ ಭವಾನಿ ಒಬ್ಬಳೇ ಶಿವಮೊಗ್ಗದ ಗಾಂಧಿ ಬಜಾರಿನ ಪಾತ್ರೆ ಅಂಗಡಿಗೆ ಹೋದಳು.

ಉಮಾಮಹೇಶ್ವರ ಅವಳನ್ನು ಕಂಡ ಕೂಡಲೇ ಗುರುತು ಹಿಡಿದರು. "ಹೊಲಿಗೆ ಬರಲ್ಲ ಅಂದೋರಲ್ವಾ? ಬನ್ನಿ ಬನ್ನಿ."

ಭವಾನಿ ಎಲ್ಲವನ್ನೂ ಹೇಳಿದಳು. ಎರಡು ಮೆಷಿನ್ನು, ಕ್ಲಿನಿಕ್ಕು, ಕವನ, ಸರ್ಟಿಫಿಕೇಟು. ಅವರು ಬೈಯಬಹುದೆಂದೇ ಅಂದುಕೊಂಡಿದ್ದಳು. ಅವರು ಒಂದು ಕೊಳಗದ ಅಂಚನ್ನು ಬೆರಳಲ್ಲಿ ಸವರಿದರು.

"ಹೊಲಿಗೆ ಮೆಷಿನ್ನೇ ಯಾಕೆ ಅಂತ ಯಾರೂ ಕೇಳಿಲ್ಲ ನನ್ನ," ಎಂದರು. "ನನ್ನ ಹೆಂಡ್ತಿ ಹೊಲೀತಿದ್ಲು. ಮಧ್ಯಾಹ್ನ ನಾನು ಊಟಕ್ಕೆ ಮನೆಗೆ ಹೋದ್ರೆ ಬೀದಿ ತುದಿಗೇ ಆ ಸದ್ದು ಕೇಳೋದು. ಅವಳು ಹೋಗಿ ಎಂಟು ವರ್ಷ ಆಯ್ತು. ಮನೇಲಿ ಆ ಸದ್ದಿಲ್ಲ. ಎಲ್ಲೋ ಹತ್ತು ಮನೇಲಿ ಕೇಳ್ಲಿ ಅಂತ ಶುರುಮಾಡಿದೆ." ಕೊಳಗವನ್ನು ಪಕ್ಕಕ್ಕಿಟ್ಟು, "ನಿಮಗೇನು ಬೇಕು ಅಂತ ಕೇಳ್ಬೇಕಿತ್ತು, ಅಲ್ವಾ? ಕೇಳ್ಲೇ ಇಲ್ಲ. ಈಗ ಹೇಳಿ, ಏನು ಬೇಕಿತ್ತು?"

ಭವಾನಿ ಬಾಯಿ ತೆರೆದಳು. ಅಕ್ಷಯಾಳ ಫೀಸು? ಅತ್ತೆಯ ಮೊಣಕಾಲಿನ ಔಷಧಿ? ಒಂದೊಂದೂ ನಾಲಗೆಯ ತುದಿಗೆ ಬಂದು ಚಿಕ್ಕದಾಗಿ ಹಿಂದೆ ಹೋಯಿತು.

"ನಂಗೂ ಗೊತ್ತಾಗ್ತಿಲ್ಲ ಸರ್."

"ನಂಗೂ ಹಾಗೇ ಆಗಿತ್ತು," ಎಂದರು ಉಮಾಮಹೇಶ್ವರ. "ಕೊಡಿ ಆ ಹುಡುಗಿಗೆ. ಪ್ರಿಯದರ್ಶಿನಿಗೆ ನಾನು ಹೇಳ್ತೀನಿ, ವಿಳಾಸ ಅವಳೇ ಕೊಡ್ತಾಳೆ."

ಭಾನುವಾರ ತಾಯಿ ಮಗಳು ಮೆಷಿನ್ನಿನ ಜೊತೆ ಲಗೇಜ್ ಆಟೋ ಹತ್ತಿ ಹೊಳೆಹೊನ್ನೂರಿಗೆ ಹೊರಟರು. ದ್ಯಾಮಮ್ಮ ಬಾಗಿಲಿಗೂ ಬರಲಿಲ್ಲ. ಆದರೆ ಆಟೋ ಹೊರಡುವಾಗ ಒಳಗಿನಿಂದ, "ಬರೀ ಮೆಷಿನ್ನು ಕೊಡಬೇಡ್ರೇ, ಅರಿಶಿನ ಕುಂಕುಮ ಇಟ್ಟು ಕೊಡಿ!" ಎಂದು ಕೂಗಿದಳು. ಕೂಗಿದ ಮೇಲೆ, ಭವಾನಿ ಕೊಡಬಾರದು ಎಂಬುದು ನೆನಪಾಗಿರಬೇಕು. "ಅಕ್ಷಯಾ ಕೈಲಿ ಕೊಡಿಸು," ಎಂದು ದನಿ ತಗ್ಗಿಸಿದಳು.

ಪೇಟೆ ಬೀದಿಯ ಹಿಂದಿನ ಒಂದು ಕೋಣೆಯಲ್ಲಿ ಕವನಳ ಮನೆ. ಬಾಡಿಗೆ ಮೆಷಿನ್ನು ಇದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಮಾತ್ರ ಉಳಿದಿತ್ತು. ಆಟೋದಿಂದ ಇಳಿದದ್ದನ್ನು ಕವನ ಅನುಮಾನದಿಂದ ನೋಡಿದಳು.

"ಏನಿದು ಅಕ್ಕ?"

"ನಮ್ಮನೇಲಿ ಎರಡಿದೆ. ಇದು ನಿಂಗೆ."

"ಫೋಟೋ ತೆಗೀಬೇಕಾ?"

"ಬೇಡ," ಎಂದು ಅಕ್ಷಯಾ ಬೇಗನೆ ಹೇಳಿದಳು. ಅವಳ ಫೋನು ಮನೆಯಲ್ಲೇ ಇತ್ತು.

ಕವನ ಮತ್ತೇನೂ ಕೇಳಲಿಲ್ಲ. ಮೆಷಿನ್ನನ್ನು ಬೆಳಕಿಗೆ ಎಳೆದುಕೊಂಡು ಚಕ್ರ ತಿರುಗಿಸಿದಳು, ಬೆಲ್ಟು ಎಳೆದು ನೋಡಿದಳು, "ಸಡಿಲ ಇದೆ" ಎಂದಳು. ಸೂಜಿಗೆ ದಾರ ಪೋಣಿಸಿ, ಒಂದು ಚೂರು ಬಟ್ಟೆ ಇಟ್ಟು ಉದ್ದಕ್ಕೆ ಹೊಲಿದಳು. ಹೊಲಿಗೆಯನ್ನು ಎರಡೂ ಕಡೆ ಜಗ್ಗಿ ಪರೀಕ್ಷೆ ಮಾಡಿದಳು. ಅಷ್ಟರಲ್ಲಿ ಎದುರು ಮನೆಯವರು ಸಂಜೆಗೆ ರವಿಕೆ ಬೇಕೆಂದು ಬಂದರು. "ಆಗುತ್ತೆ, ಬನ್ನಿ" ಎಂದವಳೇ ಬಟ್ಟೆ ಹಾಸಿ ಕತ್ತರಿ ಹಿಡಿದಳು. ಭವಾನಿ ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು. ಅಕ್ಷಯಾ ಅರಿಶಿನ ಕುಂಕುಮ ಕೊಟ್ಟಳು. ಕವನ ಹಣೆಗೆ ಇಟ್ಟುಕೊಂಡು, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ತಲೆಯಾಡಿಸಿದಳು.

"ಹಾಗಾದ್ರೆ ಬರ್ತೀವಿ," ಎಂದಳು ಭವಾನಿ.

"ಹ್ಞೂಂ ಅಕ್ಕ."

ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ದ್ಯಾಮಮ್ಮನ ಫೋನು. "ಕೊಟ್ರಾ? ಏನಂದ್ಲು?"

"ತುಂಬಾ ಖುಷಿಪಟ್ಲು ಅತ್ತೆ. ಕಣ್ಣಲ್ಲಿ ನೀರು ಹಾಕ್ಕೊಂಡ್ಲು. ನಿಮ್ಮನೆಯೋರಿಗೆಲ್ಲ ಒಳ್ಳೇದಾಗ್ಲಿ ಅಂತ ಕೈ ಮುಗಿದ್ಲು."

"ಹಂಗಾ!" ಅತ್ತೆಯ ದನಿ ತುಂಬಿ ಬಂತು. "ಹೋಗ್ಲಿ ಬಿಡು. ಬೇಗ ಬನ್ನಿ, ಅನ್ನ ಮಾಡಿದೀನಿ."

ಭವಾನಿ ಫೋನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಗಳು ಅಮ್ಮನನ್ನೇ ನೋಡುತ್ತಿದ್ದಳು.

"ಯಾಕಮ್ಮ ಸುಳ್ಳು ಹೇಳ್ದೆ?"

"ಅಜ್ಜಿಗೆ ಬೇಕಿತ್ತು ಕಣೇ."

"ನಿಂಗೆ?"

ರಸ್ತೆಯ ಆಚೆ ಯಾರೋ ಭತ್ತದ ಚೀಲ ಇಳಿಸುತ್ತಿದ್ದರು. ಭವಾನಿ ಅದನ್ನೇ ನೋಡಿದಳು. ಅಷ್ಟು ಹೊತ್ತು ಆ ಕೋಣೆಯಲ್ಲಿ ತಾನು ಏನನ್ನು ಕಾಯುತ್ತ ಕೂತಿದ್ದೆ ಎಂಬುದು ಅವಳಿಗೆ ಈಗ ತಿಳಿಯಿತು. ಕಿವಿ ಬಿಸಿಯಾಯಿತು.

"ನಂಗೂ ಬೇಕಿತ್ತು," ಎಂದಳು. "ಉಪಕಾರ ಆಯ್ತು ಅನ್ನೋ ಒಂದೇ ಒಂದು ಮಾತು. ನಾನು ಓಬಣ್ಣಂಗೆ ಹೇಳ್ಲಿಲ್ಲ, ಆ ಸರ್‌ಗೆ ಹೇಳ್ಲಿಲ್ಲ. ಇವಳು ಮಾತ್ರ ಹೇಳ್ಬೇಕು ಅಂತ ಕಾಯ್ತಾ ಕೂತಿದ್ದೆ ನೋಡು."

ಭದ್ರಾವತಿಯ ಬಸ್ಸು ಬಂತು. ಕೂರಲು ಜಾಗವಿರಲಿಲ್ಲ. ತಾಯಿ ಮಗಳು ಒಂದೇ ಕಂಬಿಯನ್ನು ಹಿಡಿದುಕೊಂಡು ನಿಂತರು.